ಸಡಿಲವಾದ ನಂಟು

ಸುಲಭವಾಗಿ ಕಡಿದುಹೋಗುವ ಸಂಬಂಧವನ್ನು ಸಂಬಂಧವೆಂದು ಕರೆಯಬಹುದೆ? ಬೊಮ್ಮಸಂದ್ರದ ಕಾರ್ಖಾನೆಗಳ ಸಮೀಪದಲ್ಲಿ ವಾಸಿಸುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ. ನಮ್ಮ ಬೀದಿಯ ಬಾಡಿಗೆಯ ಕೋಣೆಯೊಂದರಲ್ಲಿ ನಾಲ್ವರು ಕೆಲಸಗಾರರಿದ್ದರು. ಊರು ಬೇರೆ, ಭಾಷೆ ಬೇರೆ, ಪರಿಚಯ ಮೂರು ತಿಂಗಳದು. ಒಬ್ಬನಿಗೆ ಜ್ವರ ಬಂದಾಗ ಉಳಿದ ಮೂವರು ಸರದಿಯ ಮೇಲೆ ಪಾಳಿಯ ಕೂಲಿಯನ್ನು ಬಿಟ್ಟು ಅವನ ಬಳಿ ಕುಳಿತರಂತೆ. ವರ್ಷ ತುಂಬುವುದರೊಳಗಾಗಿ ನಾಲ್ವರೂ ನಾಲ್ಕು ದಿಕ್ಕಾದರು. "ಅದೇನು ಸ್ನೇಹ ಸ್ವಾಮಿ, ನೀರಗುಳ್ಳೆ!" ಎಂದರು ನೆರೆಯ ಹಿರಿಯರೊಬ್ಬರು. ನಾನೂ ಹೌದೆಂದು ತಲೆದೂಗಿದೆ.

ಆ ಮಾತನ್ನು ಮತ್ತೆ ಯೋಚಿಸುವಂತೆ ಮಾಡಿದುದು ನೀರೇ. ನೀರಿನ ಅಣುವಿನೊಳಗೆ ಜಲಜನಕವನ್ನೂ ಆಮ್ಲಜನಕವನ್ನೂ ಬಿಗಿದಿರುವ ಬಂಧವು ಬಲವಾದುದು. ಒಂದು ಅಣುವಿಗೂ ಅದರ ನೆರೆಯ ಅಣುವಿಗೂ ನಡುವೆ ಇರುವ ಜಲಜನಕ ಬಂಧವಾದರೋ ಅದರ ಬಲದಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲು. ದ್ರವದಲ್ಲಿ ಅದು ಒಂದು ಸೆಕೆಂಡಿನ ಲಕ್ಷಕೋಟಿಯ ಕೆಲವೇ ಪಾಲುಗಳಷ್ಟು ಕಾಲ ನಿಂತು ಕಡಿಯುತ್ತದೆ, ಮತ್ತೆ ಕೂಡುತ್ತದೆ. ಆದರೂ ನೀರು 100 ಡಿಗ್ರಿಯವರೆಗೆ ಕುದಿಯದೆ ಇರುವುದು ಈ ಬಂಧದಿಂದಲೇ. ಆಮ್ಲಜನಕದ ಸ್ಥಾನದಲ್ಲಿ ಗಂಧಕವುಳ್ಳ ಹೈಡ್ರೊಜನ್ ಸಲ್ಫೈಡು ಹೆಚ್ಚು ಭಾರವಾಗಿದ್ದರೂ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ. ಆದುದರಿಂದ ಅದರಲ್ಲಿ ಇಂತಹ ಬಂಧವಿಲ್ಲವೆಂಬ ಭಾವನೆ ಬಹುಕಾಲ ಇತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್ ಅವರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಇಂತಹ ಪರೀಕ್ಷೆಯಲ್ಲಿ ಅನಿಲವನ್ನು ಸಣ್ಣ ರಂಧ್ರದ ಮೂಲಕ ನಿರ್ವಾತದೊಳಕ್ಕೆ ಚಿಮ್ಮಿಸುತ್ತಾರೆ. ಅಣುಗಳು ಪರಮಶೂನ್ಯದ ಸಮೀಪಕ್ಕೆ ತಣಿದು, ಒಂದನ್ನೊಂದು ತಾಕಿ ಒಡೆಯುವ ನೂಕುನುಗ್ಗಲು ನಿಲ್ಲುತ್ತದೆ. ಆಗ ಜೋಡಿಯಾಗಿ ಉಳಿದ ಅಣುಗಳ ಮೇಲೆ ಮೈಕ್ರೋವೇವ್ ತರಂಗವನ್ನು ಹಾಯಿಸಿದರೆ, ಅವು ತಿರುಗುವ ಬಗೆಗೆ ತಕ್ಕ ತರಂಗಗಳನ್ನು ಮರಳಿ ಬೀರುತ್ತವೆ. ಆ ಲೆಕ್ಕದಿಂದ ಯಾವುದು ಯಾವುದರ ಕಡೆಗೆ ಮುಖಮಾಡಿದೆಯೆಂಬುದು ತಿಳಿಯುತ್ತದೆ. ಹೈಡ್ರೊಜನ್ ಸಲ್ಫೈಡಿನ ಜೋಡಿಯೂ ನೀರಿನ ಜೋಡಿಯಂತೆಯೇ ಜಲಜನಕದ ಮೂಲಕ ಕೂಡಿರುವುದು ಕಂಡುಬಂದಿತು. ಬಂಧವಿಲ್ಲದೆ ಇರಲಿಲ್ಲ, ಬಿಸಿಯ ಗದ್ದಲದಲ್ಲಿ ಅದು ಕಾಣುತ್ತಿರಲಿಲ್ಲ. ಇದಕ್ಕೆ ಮೊದಲೇ, 2011ರಲ್ಲಿ, ಅರುಣನ್ ಅವರ ನೇತೃತ್ವದ ಅಂತರರಾಷ್ಟ್ರೀಯ ತಂಡವು ಜಲಜನಕ ಬಂಧದ ಲಕ್ಷಣವನ್ನು ಹೊಸದಾಗಿ ನಿರೂಪಿಸಿದಾಗ, ಕೂಡಿರುವುದಕ್ಕೆ ಸಾಕ್ಷ್ಯವಿರಬೇಕೆಂಬುದನ್ನೇ ಮುಖ್ಯವಾಗಿ ಹಿಡಿದಿತ್ತು.

ಅಣುಗಳ ನಡತೆಯಿಂದ ಮನುಷ್ಯಧರ್ಮವನ್ನು ತೆಗೆಯಹೊರಡುವುದು ಸರಿಯಲ್ಲ. ಅಣುವಿಗೆ ಕರ್ತವ್ಯವಿಲ್ಲ, ಕೂಲಿಯ ನಷ್ಟವೂ ಇಲ್ಲ. ಆದರೆ ಅಳೆಯುವವನ ತಪ್ಪು ಎರಡೆಡೆಯಲ್ಲಿಯೂ ಒಂದೇ. ಬಂಧವು ಎಷ್ಟು ಕಾಲ ನಿಂತಿತೆಂದು ಕೇಳಿದೆವೇ ಹೊರತು, ನಿಂತಿದ್ದಾಗ ಏನು ಮಾಡಿತೆಂದು ಕೇಳಲಿಲ್ಲ. ಬಾಳಿಕೆಯ ನಂಟು ಬೇಡವೆಂದಲ್ಲ. ಬಲವಾದ ಬಂಧವಿಲ್ಲದಿದ್ದರೆ ನೀರಿನ ಅಣುವೇ ಇರದು. ಆದರೆ ಸಡಿಲವಾದ ನಂಟಿಲ್ಲದಿದ್ದರೆ ಕುಡಿಯಲು ನೀರಿರದು.

ಆ ಬೀದಿಯಲ್ಲಿ ನನ್ನ ವಾಸ ಹತ್ತು ವರ್ಷಗಳಿಗೂ ಮೇಲ್ಪಟ್ಟದ್ದು. ಆ ಜ್ವರದ ದಿನಗಳಲ್ಲಿ ನಾನು ಆ ಬಾಗಿಲಿಗೆ ಹೋಗಲಿಲ್ಲ. ಮನೆಯ ಯಜಮಾನರು ಹೇಳಿದ ಮೇಲೆ ತಿಳಿದೆ. ಈಗ ಅಲ್ಲಿ ಬೇರೆ ನಾಲ್ವರಿದ್ದಾರೆ. ಅವರೂ ಹೋಗುವವರೇ. ಅವರ ಹೆಸರುಗಳನ್ನು ನಾನಿನ್ನೂ ಕೇಳಿಲ್ಲ.