ಹಲಗೆಯನ್ನು ಓದಿ ಏರಬೇಕು

ಲಂಡನ್ನಿನಲ್ಲಿ 1863ರಿಂದಲೂ ನೆಲದಡಿಯಲ್ಲಿ ರೈಲು ಓಡುತ್ತಿದೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಹಿರಿಯರು ನಾರ್ದರ್ನ್ ಲೈನಿನಲ್ಲಿ ಎಚ್ಚರದಿಂದಿರಬೇಕು. ಯೂಸ್ಟನ್ನಿನಿಂದ ಉತ್ತರಕ್ಕೆ ಹೊರಡುವ ಆ ಬಂಡಿಗಳಿಗೆಲ್ಲ ನಕ್ಷೆಯಲ್ಲಿ ಒಂದೇ ಕಪ್ಪು ಬಣ್ಣ. ಆದರೆ ಕ್ಯಾಮ್ಡನ್ ಟೌನಿನಲ್ಲಿ ದಾರಿ ಕವಲೊಡೆದು ಕೆಲವು ಎಡ್ಜ್‌ವೇರಿನತ್ತ, ಕೆಲವು ಹೈ ಬಾರ್ನೆಟ್ಟಿನತ್ತ ಸಾಗುತ್ತವೆ. ಸುರಂಗದಲ್ಲಿ ಕಿಟಕಿಯಾಚೆ ಕತ್ತಲೆಯಲ್ಲದೆ ಊರು ಕಾಣದು. ಏರುವ ಮುನ್ನವೇ ಹಲಗೆಯನ್ನು ಓದಿಕೊಳ್ಳಬೇಕು.

ನಮ್ಮ ಸತ್ಕರ್ಮಗಳೂ ಹೀಗೆಯೇ. ಇಬ್ಬರು ಅದೇ ಸ್ನಾನ, ಅದೇ ಜಪ, ಅದೇ ಪೂಜೆ ಮಾಡುತ್ತಾರೆ. ಶ್ರೀಹರಿಯು ಒಳಗಿದ್ದು ಮಾಡಿಸುತ್ತಿದ್ದಾನೆಂದು ಒಬ್ಬನ ಅನುಸಂಧಾನ. ನಾನೇ ಮಾಡಿದೆನೆಂದು ಇನ್ನೊಬ್ಬನ ಹೆಮ್ಮೆ. ನೋಡುವವರಿಗೆ ಭೇದ ತಿಳಿಯದು, ಗತಿ ಮಾತ್ರ ಬೇರೆ. (ಗಡಿಯಾರ ನೋಡುತ್ತ ಸಂಕಲ್ಪ ಮುಗಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ!) ತಪ್ಪಿ ಏರಿದವನಿಗೂ ಕ್ಯಾಮ್ಡನ್ ಟೌನಿನಲ್ಲಿ ಇಳಿದು ಬಂಡಿ ಬದಲಿಸಲು ಅವಕಾಶವುಂಟು. ಜಪದ ನಡುವೆ ಎಚ್ಚರವಾದರೂ ಅಲ್ಲಿಂದಲೇ ಅನುಸಂಧಾನವನ್ನು ಹಿಡಿಯಬಹುದು.

ಶ್ರೀಕೃಷ್ಣಾರ್ಪಣಮಸ್ತು.