ಧಾನ್ಯರಕ್ಷಣೆ ಮತ್ತು ಅಹಿಂಸಾಣುವ್ರತ

ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಗಡಿಯೆಂದು ಹೆಸರಾದ ನಂಗಲಿ ಇಂದು ಮುಳಬಾಗಿಲು ತಾಲ್ಲೂಕಿಗೆ ಸೇರಿದೆ. ಸುತ್ತಲೂ ರಾಗಿ, ಅವರೆ, ಹುರುಳಿ ಬೆಳೆಯುವ ನೆಲ. ರಾಗಿಯ ವಿಷಯದಲ್ಲಿ ಶ್ರಾವಕನಿಗೆ ಧರ್ಮಸಂಕಟ ಅಷ್ಟಾಗಿಲ್ಲ. ಕಾಳು ಅತಿ ಸಣ್ಣದಾದ್ದರಿಂದ ಹುಳುವಿನ ಕಾಟ ಕಡಿಮೆ, ಗಾಳಿಯಾಡದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಸಂಕಟವಿರುವುದು ದ್ವಿದಳ ಧಾನ್ಯದಲ್ಲಿ. ದುಂಬಿಯು ಕಾಳಿನ ಮೇಲಿಟ್ಟ ಮೊಟ್ಟೆಯೊಡೆದು ಮರಿ ಒಳಗೆ ಕೊರೆದು ಸೇರಿದರೆ, ಕೆಲವೇ ತಿಂಗಳಲ್ಲಿ ಚೀಲವೆಲ್ಲ ಕುಟ್ಟೆ ಹಿಡಿಯುತ್ತದೆ.

ಇದಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಾನಿಲವನ್ನು ಬಳಸುವುದುಂಟು. ಅದರ ಬದಲು ನೀಲಗಿರಿ, ಮಜ್ಜಿಗೆ ಹುಲ್ಲು ಮೊದಲಾದವುಗಳ ಸುಗಂಧತೈಲದ ಆವಿಯನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಸಸ್ಯಮೂಲವಾದುದರಿಂದ ಇದು ನಿರ್ದೋಷವೆಂದು ಭಾವಿಸುವುದು ಸುಲಭ. ಆದರೆ ನೀಲಗಿರಿ ತೈಲದಲ್ಲಿರುವ ಸಿನಿಯೋಲ್ ಉಸಿರುರಂಧ್ರಗಳಿಂದ ದೇಹವನ್ನು ಹೊಕ್ಕು, ನರಗಳನ್ನು ಕೆಡಿಸಿಯೇ ಕೊಲ್ಲುತ್ತದೆ.

ಇನ್ನೊಂದು ಸಂಗತಿಯುಂಟು. ಕಾಳಿನೊಳಗಿನ ಮರಿಯನ್ನು ಹುಡುಕಿ ಅದರ ಮೇಲೆ ಮೊಟ್ಟೆಯಿಡುವ ಡೈನಾರ್ಮಸ್ ಎಂಬ ಪುಟ್ಟ ಕಣಜದ ಹುಳುವೂ ಅದೇ ಉಗ್ರಾಣದಲ್ಲಿರುತ್ತದೆ. (ಕನ್ನಡದಲ್ಲಿ ಕಣಜವೆಂದರೆ ಧಾನ್ಯ ತುಂಬುವ ಜಾಗವೂ ಹೌದೆಂಬುದು ಸೋಜಿಗ.) 2002ರಲ್ಲಿ ಪ್ರಕಟವಾದ ಟೋಗೋ ದೇಶದ ಪ್ರಯೋಗದಲ್ಲಿ ಸುಗಂಧತೈಲಗಳು ದುಂಬಿಯೊಡನೆ ಇದನ್ನೂ ಬಾಧಿಸಿದವು. ಎರಡೂ ತ್ರಸಜೀವಿಗಳೇ. ಸಂಕಲ್ಪ ಒಂದರ ಮೇಲೆ, ವಧೆ ಎರಡರದು.

ಹಾಗಾದರೆ ಕಣಜದ ಹುಳುಗಳನ್ನೇ ಸಾಕಿ ಬಿಡಬಾರದೇಕೆ ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನೆ ಮೂರನ್ನೂ ಎಣಿಸುವ ನಮ್ಮ ಶಾಸ್ತ್ರದ ಮುಂದೆ ಈ ಉಪಾಯ ನಿಲ್ಲದು. ತಾನಾಗಿ ಬಂದ ಹುಳುವಿನ ಸ್ವಭಾವಕ್ಕೆ ಶ್ರಾವಕನು ಹೊಣೆಯಲ್ಲ. ತಂದು ಬಿಟ್ಟರೆ ಹೊಣೆ.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ತಿ ತಪ್ಪವೆಂಬುದು ನಿಜ. ಆದರೆ ಆ ರಿಯಾಯಿತಿ ಯತ್ನಾಚಾರವುಳ್ಳವನಿಗೆ. ಕಾಳನ್ನು ಚೆನ್ನಾಗಿ ಒಣಗಿಸದೆ, ಹಳೆಯ ಚೀಲವನ್ನು ಪರೀಕ್ಷಿಸದೆ ತುಂಬಿಟ್ಟು, ಆಮೇಲೆ ಅನಿವಾರ್ಯವೆಂದು ಆವಿ ಹಾಯಿಸುವವನ ಹಿಂಸೆ ಪ್ರಮಾದದಿಂದ ಹುಟ್ಟಿದ್ದು. ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವ ರೈತರ ಹಳೆಯ ಪದ್ಧತಿ ನನಗೆ ಹೆಚ್ಚು ಸಮ್ಮತ. ಸುಗಂಧತೈಲಕ್ಕೂ ಇಲ್ಲಿ ಸ್ಥಾನವಿದೆ. ಅನೇಕ ತೈಲಗಳ ವಾಸನೆಗೇ ದುಂಬಿ ದೂರ ಸರಿಯುತ್ತದೆ. ದುಂಬಿ ಬರುವ ಮೊದಲೇ ಅಲ್ಪಪ್ರಮಾಣದಲ್ಲಿ ಬಳಸಿದರೆ ಅದು ತಡೆ, ಮುಚ್ಚಿದ ಕೋಣೆಯಲ್ಲಿ ತುಂಬಿಸಿದರೆ ವಧೆ.

ಈಗಾಗಲೇ ಹುಳು ಹಿಡಿದ ಚೀಲವನ್ನು ಏನು ಮಾಡಬೇಕು? ಹೊರಗಿನ ದುಂಬಿಯನ್ನು ಜರಡಿಯಿಂದ ಬೇರ್ಪಡಿಸಬಹುದು, ಒಳಗಿನ ಮರಿಯನ್ನಲ್ಲ. ವರ್ಷದ ಅನ್ನದಾನಕ್ಕೆ ಒಮ್ಮೆಲೇ ಕಾಳು ಕೊಳ್ಳುವ ಬಸದಿಯ ಟ್ರಸ್ಟುಗಳು, ಅಂಥ ಚೀಲವನ್ನು ಅಡುಗೆಗೆ ಬಳಸದೆ ನಷ್ಟ ಹೊರಲು ಸಿದ್ಧವೋ, ಇಲ್ಲವೇ ತಿಂಗಳಿಗಿಷ್ಟೆಂದು ಹೆಚ್ಚು ಬೆಲೆ ತೆತ್ತು ಕೊಳ್ಳುವುದೋ ಎಂಬುದನ್ನು ಖರೀದಿಗೆ ಮೊದಲೇ ನಿಶ್ಚಯಿಸಬೇಕಾಗುತ್ತದೆ.