ಸಾರಾಂಶ ಓದಿ ತೀರ್ಪು ಕೊಡಬಹುದೇ?

ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಯ ಕಾಲೇಜುಗಳಿಗೆ ಬಸ್ಸಿನಲ್ಲಿ ಬರುವ ನಮ್ಮ ಮಕ್ಕಳ ಕೈಯಲ್ಲಿ ಇಂದು ಮೊಬೈಲ್ ಇದೆ. ಕಾದಂಬರಿಯ ಹೆಸರು ಹುಡುಕಿದರೆ ಸಾಕು, ಕತೆಯ ಸಾರಾಂಶ, ಲೇಖಕರ ಪರಿಚಯ ಎಲ್ಲವೂ ಊರು ತಲುಪುವುದರೊಳಗೆ ಸಿಗುತ್ತವೆ. ಪುಸ್ತಕದಂಗಡಿ ಇಲ್ಲದ ಹಳ್ಳಿಯ ಹುಡುಗನಿಗೆ ಇದು ಉಪಕಾರವೇ. ಅದನ್ನು ನಾವು ಹಳಿಯಬೇಕಿಲ್ಲ. ಆದರೆ ಅಷ್ಟನ್ನೇ ಓದಿ ತೀರ್ಪು ಕೊಡುವ ಹಕ್ಕು ನಮಗಿದೆಯೇ?

ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೇ ನೋಡೋಣ. ಸಾರಾಂಶ ಹೇಳುವುದಿಷ್ಟು: ತಂದೆಯ ಹಟದಿಂದ ನಾದಿರಾಳಿಗೆ ತಲಾಖ್ ಆಗುತ್ತದೆ, ಗಂಡನನ್ನು ಮರಳಿ ಸೇರಬೇಕಾದರೆ ಮೊದಲು ಪರಪುರುಷನನ್ನು ಮದುವೆಯಾಗಬೇಕೆನ್ನುತ್ತಾರೆ, ಆಕೆ ಪ್ರಾಣ ಬಿಡುತ್ತಾಳೆ. ಇಷ್ಟನ್ನು ಓದಿ ಒಬ್ಬರು ‘ಮುಸ್ಲಿಮರೇ ಹೀಗೆ’ ಎನ್ನುತ್ತಾರೆ. ಇನ್ನೊಬ್ಬರು ‘ಲೇಖಕಿ ಸಮುದಾಯದ ಮಾನ ಕಳೆದರು’ ಎನ್ನುತ್ತಾರೆ. ಇಬ್ಬರೂ ಪುಸ್ತಕ ತೆರೆದವರಲ್ಲ. ತೆರೆದಿದ್ದರೆ, ಹೆಂಡತಿಯನ್ನು ಪ್ರೀತಿಸುವ ರಶೀದನೂ, ಗಂಡನ ಹಟಕ್ಕೆ ನಲುಗಿದ ನಾದಿರಾಳ ತಾಯಿಯೂ ಅದೇ ಸಮುದಾಯದವರೆಂಬುದು ಕಾಣುತ್ತಿತ್ತು.

ಸುದ್ದಿ ಬಂದಾಗ ವಿಚಾರಿಸಿ ನೋಡಬೇಕು, ಅರಿಯದೆ ಯಾರಿಗೂ ಅನ್ಯಾಯ ಮಾಡಬಾರದು ಎಂಬುದು ಕುರ್‌ಆನ್ ನೀಡುವ ಎಚ್ಚರಿಕೆ. ಪುಸ್ತಕಕ್ಕೂ ಅದು ಸಲ್ಲುತ್ತದೆ. ಸಾರಾಂಶ ಹೊಸ್ತಿಲಷ್ಟೇ. ಅಲ್ಲಿ ನಿಂತು ಮನೆಯವರ ಗುಣದೋಷ ಹೇಳುವುದು ನಮಗೆ ಬೇಡ, ಒಳಗೆ ಹೋಗೋಣ.